ಎರಡನೆಯ ತೊಟ್ಟಿ

ಅಪ್ಪ ಬಿದ್ದ ಮಧ್ಯಾಹ್ನ ಮಗಳು ಗೋಡೆಯ ಈಚೆ ಕೂತು, ಇನ್ನೂ ಕಟ್ಟಿರದ ಒಂದು ಮನೆಯೊಳಗೆ ಬಿಸಿಲು ಬಿಡುತ್ತಿದ್ದಳು. ಅದೇ ಅವಳ ಉದ್ಯೋಗ. ಕಟ್ಟಡದ ನಕ್ಷೆ ಮಾಡುವವರು ಬರೀ ಗೆರೆ ಕಳಿಸುತ್ತಾರೆ. ಅವಳು ಅದಕ್ಕೆ ಗೋಡೆ ಎಬ್ಬಿಸಿ, ಕಿಟಕಿಗೆ ಗಾಜು ಕೂರಿಸಿ, ಮನೆ ಮುಗಿದ ಮೇಲೆ ತೆಗೆದ ಫೋಟೋದಂಥ ಚಿತ್ರ ಮಾಡಿ ಸಂಜೆಯೊಳಗೆ ವಾಪಸು ಕಳಿಸಬೇಕು. ಬೆಳಕು ಎಲ್ಲಿ ಬಿದ್ದು ಎಲ್ಲಿಗೆ ಚಿಮ್ಮುತ್ತದೆ ಎಂಬ ಲೆಕ್ಕವನ್ನೆಲ್ಲ ಕಂಪ್ಯೂಟರು ಮಾಡುತ್ತದೆ. ಆ ಲೆಕ್ಕಕ್ಕೆ ಕೂತರೆ ಅದು ಕಾದ ಹೆಂಚು. ಅದರ ಫ್ಯಾನುಗಳು ಹಿಟ್ಟಿನ ಗಿರಣಿಯ ಹಾಗೆ ಅರಚುತ್ತವೆ.

ಆ ಅರಚಾಟದಲ್ಲಿ ಅಪ್ಪ ಕರೆದದ್ದು ಅವಳಿಗೆ ಕೇಳಿಸಲಿಲ್ಲ.

ಅಪ್ಪ ಜೀವಮಾನವೆಲ್ಲ ಹಾಲಿನ ಟ್ಯಾಂಕರುಗಳಿಗೆ ಅಲ್ಯುಮಿನಿಯಂ ಬೆಸೆದವನು. ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ, ಎಲ್ಲರಿಗೂ ಟ್ಯಾಂಕು ಮೇಸ್ತ್ರಿ. ಶೆಡ್ಡಿನ ಈ ತುದಿಯಲ್ಲಿ ನಿಂತು ಅವನು ಒಂದು ಕೂಗು ಹಾಕಿದರೆ ಆ ತುದಿಯ ಹೆಲ್ಪರು ಕೈಯಲ್ಲಿದ್ದದ್ದನ್ನು ಬೀಳಿಸುತ್ತಿದ್ದನಂತೆ. ಬೆಸುಗೆಯ ಹೊಗೆ ಕುಡಿದು ಕುಡಿದು ಈಗ ಶ್ವಾಸಕೋಶ ಕಲ್ಲಾಗಿತ್ತು. ಗಂಟಲು ಪಿಸುಮಾತಿಗೆ ಇಳಿದಿತ್ತು. ರಾತ್ರಿಯೆಲ್ಲ ಕೆಮ್ಮು, ಹಗಲು ಒಂದಿಷ್ಟು ನಿದ್ದೆ.

ಚಿತ್ರ ಮುಗಿದು ಫ್ಯಾನು ಇಳಿದಾಗ ಗೋಡೆಯಾಚೆ ಇಲಿ ಕೆರೆದಂಥ ಸದ್ದು ಕೇಳಿಸಿತು. ಹೋಗಿ ನೋಡಿದರೆ ಅಪ್ಪ ಮಂಚಕ್ಕೂ ಕಪಾಟಿಗೂ ನಡುವೆ ಅಂಗಾತ ಬಿದ್ದಿದ್ದ. ಹಣೆ ಒಡೆದಿತ್ತು. ಉಗುರಿನಿಂದ ನೆಲ ಕೆರೆಯುತ್ತಿದ್ದ.

"ಎಷ್ಟೊತ್ತಿಂದ ಕರೀತಿದೀಯ ಅಪ್ಪ?"

"ನಿನ್ನ ಮನೆ ಕಟ್ಟಿ ಆಯ್ತಾ?" ಅಂದ ಅಪ್ಪ. "ಆಗಿದ್ರೆ ಒಂದು ಲೋಟ ನೀರು ಕೊಡು."

ಬಸ್ಸಿನಲ್ಲಿ ಕಂಡಕ್ಟರಾಗಿರುವ ತಮ್ಮ ಸಂಜೆ ಬಂದವನು ಬ್ಯಾಗು ಇಳಿಸುವ ಮೊದಲೇ ಉಪಾಯ ಹೇಳಿದ. "ಮಂಚಕ್ಕೆ ಒಂದು ಗಂಟೆ ಕಟ್ಟೋಣ. ಬೇಕಾದಾಗ ಅಲ್ಲಾಡಿಸ್ಲಿ."

"ಮಂಚಕ್ಕೆ ಯಾಕೆ, ಕೊರಳಿಗೇ ಕಟ್ಟು," ಅಂದ ಅಪ್ಪ. "ಹಾಗೇ ಒಂದು ಹಿಡಿ ಹುಲ್ಲೂ ಹಾಕು."

ಕಂಪ್ಯೂಟರನ್ನು ಬೇರೆ ಕಡೆ ಇಡೋಣವೆಂದರೆ ಇರುವುದು ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಹಬೆಯಲ್ಲಿ ಅದು ಬಾಳುವುದಿಲ್ಲ. ದೂರ ಹೋದಷ್ಟೂ ಅಪ್ಪನ ಪಿಸುಮಾತೂ ದೂರವೇ. ಮಗಳು ಎರಡು ದಿನ ತಲೆ ಕೆಡಿಸಿಕೊಂಡಳು. ಆಮೇಲೆ ಅಪ್ಪನ ಮಂಚದ ತುದಿಯಲ್ಲಿ ಕೂತು ವಿಷಯ ಬಿಡಿಸಿ ಹೇಳಿದಳು. ಕಂಪ್ಯೂಟರಿನ ಮಿದುಳಿನ ಮೇಲೊಂದು ಲೋಹದ ಬಿಲ್ಲೆ ಇದೆ, ಅದರೊಳಗೆ ನೀರು ಹರಿಯುತ್ತದೆ, ಪಂಪು ಆ ನೀರನ್ನು ರೇಡಿಯೇಟರಿಗೆ ನೂಕುತ್ತದೆ, ಲಾರಿಯಲ್ಲಿರುವಂಥದೇ ಆದರೆ ಅದರ ಮರಿ. ನೀರು ಕಾದ ಮೇಲೆಯೇ ರೇಡಿಯೇಟರಿನ ಫ್ಯಾನು ಜೋರಾಗುವುದು. ಈಗ ಇರುವುದು ಲೋಟದಷ್ಟು ನೀರು, ಚಿಟಿಕೆ ಹೊಡೆಯುವಷ್ಟರಲ್ಲಿ ಕಾಯುತ್ತದೆ. ಇನ್ನೊಂದು ದೊಡ್ಡ ತೊಟ್ಟಿ ಸೇರಿಸಿದರೆ ಅಷ್ಟೂ ನೀರು ಕಾಯಬೇಕಲ್ಲ, ಅಲ್ಲಿಯವರೆಗೆ ಫ್ಯಾನು ಸುಮ್ಮನಿರುತ್ತದೆ.

ಅಪ್ಪ ಕಣ್ಣು ಮುಚ್ಚಿ ಕೇಳಿಸಿಕೊಂಡ. "ಅಂದ್ರೆ ತಂಪು ಹೆಚ್ಚಾಗಲ್ಲ. ಕಾಯೋದು ತಡ ಆಗತ್ತೆ, ಅಷ್ಟೆ."

"ಅಷ್ಟೆ."

"ಡಾಕ್ಟ್ರೂ ನನಗೆ ಅದನ್ನೇ ಹೇಳಿದ್ದು."

ಅಪ್ಪ ಕಣ್ಣು ತೆರೆದ. "ಟ್ಯಾಂಕು ಅಂದೆ ಅಲ್ವಾ?"

"ಅಂಗಡೀಲಿ ಪ್ಲಾಸ್ಟಿಕ್‌ದು ಸಿಗತ್ತೆ ಅಪ್ಪ."

"ಟ್ಯಾಂಕು ಮೇಸ್ತ್ರಿ ಮನೇಲಿ ಪ್ಲಾಸ್ಟಿಕ್ ಟ್ಯಾಂಕಾ? ಕೇಳಿದವರು ಉಗೀತಾರೆ. ಎಬ್ಬಿಸು ನನ್ನ."

ಗೋಡೆ ಹಿಡಿದು ಬಂದ. ಪೆಟ್ಟಿಗೆಯ ಮಗ್ಗುಲು ಬಿಚ್ಚಿಸಿ ಟಾರ್ಚು ಬಿಟ್ಟು ನೋಡಿದ. ಬಿಲ್ಲೆ, ಕೊಳವೆಗಳ ಮೂತಿ, ಎಲ್ಲ ಬೆಳ್ಳಗೆ ಫಳಫಳ ಹೊಳೆಯುತ್ತಿದ್ದವು. ಹೆಬ್ಬೆರಳಿನಿಂದ ಸವರಿ ತಲೆಯಾಡಿಸಿದ. ಮೂತಿಯ ತಿರುಪಿನ ಅಳತೆಯನ್ನು ದಾರದಲ್ಲಿ ಹಿಡಿದುಕೊಂಡ. ಮುದುಕ ಸಂಜೆಗೆ ಮರೆಯುತ್ತಾನೆ ಎಂದು ಮಗಳು ಲೆಕ್ಕ ಹಾಕಿದಳು. ಅದು ಯಾವ ಲೋಹವೆಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅಪ್ಪ ಮರೆಯಲಿಲ್ಲ. ಅವನು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು. ಆಸ್ಪತ್ರೆಗೆ ಹೋಗಿ ಬರುತ್ತೇವೆಂದು ಹೇಳಿ, ತಮ್ಮನನ್ನು ಕರೆದುಕೊಂಡು ಹೋದದ್ದು ಬೋಳನ ಶೆಡ್ಡಿಗೆ. ಬೋಳ ಹಿಂದೆ ಅಪ್ಪನ ಕೈಕೆಳಗಿದ್ದವನು, ಈಗ ಸ್ವಂತ ವೆಲ್ಡಿಂಗ್ ಇಟ್ಟುಕೊಂಡಿದ್ದಾನೆ. ತಲೆಯ ಮೇಲೆ ಕೂದಲಿದ್ದ ಕಾಲದಿಂದಲೂ ಅವನ ಹೆಸರು ಬೋಳ, ಯಾಕೋ ಯಾರಿಗೂ ಗೊತ್ತಿಲ್ಲ.

ಮೂರು ಸಲ ಹೀಗೆ 'ಆಸ್ಪತ್ರೆ'ಗೆ ಹೋಗಿ, ಕೊನೆಯ ಸಲ ತಮ್ಮ ಗೋಣಿಚೀಲದಲ್ಲಿ ಸುತ್ತಿದ ಒಂದು ವಸ್ತುವನ್ನು ಎತ್ತಿಕೊಂಡು ಬಂದ. ಬಿಚ್ಚಿದರೆ ಹಾಲಿನ ಕ್ಯಾನಿನಷ್ಟು ಗಾತ್ರದ ತೊಟ್ಟಿ.

"ಅಪ್ಪ, ಇದು ಕಂಪ್ಯೂಟರಿಗೆ," ಅಂದಳು ಮಗಳು. "ಲಾರಿಗಲ್ಲ."

"ತಡ ಆಗ್ಬೇಕು ಅಂದೆ. ಆಗ್ಲಿ ಬಿಡು, ಚೆನ್ನಾಗಿ ತಡ ಆಗ್ಲಿ."

ಅವಳು ಬಗ್ಗಿ ನೋಡಿದಳು. ಬೆಸುಗೆಯ ಗೆರೆ ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಒರಗಿ, ಎಲ್ಲೂ ತಪ್ಪದೆ ಸುತ್ತು ಬಂದಿತ್ತು. ಅಪ್ಪನ ಬಲಗೈ ಲೋಟ ಹಿಡಿದರೆ ಅರ್ಧ ನೀರು ಚೆಲ್ಲುತ್ತದೆ. ಮೊಣಕೈಯನ್ನು ಮರಳಿನ ಚೀಲದ ಮೇಲೆ ಒತ್ತಿ ಇಟ್ಟುಕೊಂಡು, ಗೇಣು ಬೆಸೆದು, ಕೆಮ್ಮಿ, ಮತ್ತೆ ಗೇಣು ಬೆಸೆದನೆಂದು ತಮ್ಮ ಆಮೇಲೆ ಹೇಳಿದ. ಅದಾದ ಮೇಲೆ ಅಪ್ಪ ವಾರ ಪೂರ್ತಿ ಹಾಸಿಗೆ ಬಿಟ್ಟೇಳಲಿಲ್ಲ.

ತೊಟ್ಟಿ ಅಲ್ಯುಮಿನಿಯಮ್ಮಿನದು.

ಅಡುಗೆಮನೆಯಲ್ಲಿ, ನಲ್ಲಿ ಜೋರಾಗಿ ಬಿಟ್ಟು, ಅವಳು ತಮ್ಮನಿಗೆ ಹೇಳಿದಳು. "ಹಾಕೋ ಹಾಗಿಲ್ಲ ಕಣೋ. ಒಳಗಿರೋದೆಲ್ಲ ತಾಮ್ರ. ಮೇಲೆ ನಿಕ್ಕಲ್ಲಿನ ಲೇಪ ಹಾಕಿರ್ತಾರೆ, ಅದಕ್ಕೆ ಬೆಳ್ಳಗೆ ಕಾಣೋದು. ತಾಮ್ರ, ಅಲ್ಯುಮಿನಿಯಂ ಒಂದೇ ನೀರಲ್ಲಿದ್ರೆ ಅಲ್ಯುಮಿನಿಯಂ ಕರಗಿ ಬಗ್ಗಡ ಆಗತ್ತೆ. ಬಿಲ್ಲೆಯೊಳಗೆ ಕೂದಲೆಳೆಯಷ್ಟು ಸಂದು. ಅಲ್ಲಿ ಹೋಗಿ ಕೂತ್ರೆ ಮುಗೀತು."

"ಎಷ್ಟು ದಿನಕ್ಕೆ?"

"ಕೆಲವು ತಿಂಗಳು."

ತಮ್ಮ ನಲ್ಲಿಯ ಕಡೆ ನೋಡುತ್ತ ನಿಂತ. "ಅಷ್ಟು ದಿನ ಸಾಕಾಗತ್ತಲ್ಲ ಅಕ್ಕ."

"ಬಾಯಿ ಮುಚ್ಚು."

"ನಾನು ಕೆಟ್ಟದ್ದು ಹೇಳ್ತಿಲ್ಲ. ಇರೋದು ಹೇಳಿದೆ. ಬೇಡ ಅಂದ್ರೆ ಸುಮ್ನೆ ಮುಂದೆ ನಿಲ್ಲಿಸು. ಕೊಳವೆ ಸಿಕ್ಕಿಸಿದ ಹಾಗೆ ಮಾಡು. ನೋಡಿ ಖುಷಿಪಡ್ಲಿ. ಯಾರಿಗೆ ಗೊತ್ತಾಗತ್ತೆ?"

ಮಗಳಿಗೆ ಆ ಮಾತು ಇಷ್ಟವಾಗಲಿಲ್ಲ. ಆದರೆ ಮಾಡಿದ್ದು ಅದನ್ನೇ. ಅಪ್ಪನ ಮುಂದೆ ನಿಂತು 'ನಿನ್ನ ಕೆಲಸ ಕೆಲಸಕ್ಕೆ ಬರಲ್ಲ' ಅನ್ನುವುದಕ್ಕಿಂತ ಅದು ಸುಲಭವಾಗಿತ್ತು. ಬಾಗಿಲ ಪಕ್ಕ ಸ್ಟೂಲಿನ ಮೇಲೆ ಅಲ್ಯುಮಿನಿಯಂ ತೊಟ್ಟಿ ಕೂತಿತು. ಅದರ ಎರಡು ಮೂತಿಗೂ ಕೊಳವೆ ಬಂತು. ಆ ಕೊಳವೆಗಳು ಪೆಟ್ಟಿಗೆಯ ಬೆನ್ನಿನೊಳಗೆ ಹೊಕ್ಕು, ಅಲ್ಲೇ ಬಿರಡೆ ಹಾಕಿಸಿಕೊಂಡು ಸುಮ್ಮನಾದವು. ನಿಜವಾದ ನೀರು ಸೇರಿದ್ದು ಪೆಟ್ಟಿಗೆಯೊಳಗೆ ಬಚ್ಚಿಡಲು ಸಾಧ್ಯವಾದಷ್ಟು ಚಿಕ್ಕದಾದ, ಅಂಗಡಿಯಿಂದ ತಂದ ಪ್ಲಾಸ್ಟಿಕ್ ಡಬ್ಬಿಗೆ. ಅಪ್ಪ ಮಂಚದಿಂದಲೇ ಕತ್ತು ಚಾಚಿ ನೋಡಿ, "ನೆಟ್ಟಗೆ ಕೂತಿದೆ," ಅಂದ. ಆ ರಾತ್ರಿ ಎರಡು ತುತ್ತು ಹೆಚ್ಚು ಉಂಡ.

ಆ ನಾಟಕ ನಡೆದದ್ದು ನಾಲ್ಕು ದಿನ. ಐದನೆಯ ಮಧ್ಯಾಹ್ನ ದೊಡ್ಡ ಕೆಲಸ ಬಂತು, ಒಂದು ಗ್ರಂಥಾಲಯದ ಒಳಾಂಗಣ, ತುಂಬ ಗಾಜು. ಲೆಕ್ಕ ಶುರುವಾಗಿ ಸ್ವಲ್ಪ ಹೊತ್ತಿಗೇ ಫ್ಯಾನು ಅರಚತೊಡಗಿತು. ಹೆಗಲ ಮೇಲೆ ಕೈ ಬಿದ್ದಾಗ ಅವಳು ಬೆಚ್ಚಿಬಿದ್ದಳು. ಅಪ್ಪ ಹಿಂದೆ ನಿಂತಿದ್ದ. ಬಾಯಿ ಆಡುತ್ತಿತ್ತು, ಮಾತು ಕೇಳಿಸಲಿಲ್ಲ. ಲೆಕ್ಕ ನಿಲ್ಲಿಸಿದಳು. ಫ್ಯಾನು ಇಳಿಯಿತು.

"ಕರೆದೆ," ಅಂದ ಅಪ್ಪ. ಉಸಿರು ಹತ್ತುತ್ತಿತ್ತು. "ಮೂರು ಸಲ ಕರೆದೆ. ಇಷ್ಟು ನೀರಿಟ್ಟುಕೊಂಡೂ ಇಷ್ಟು ಬೇಗ ಯಾಕೆ ಶುರುವಾಯ್ತು?"

ಕೇಳುತ್ತಲೇ ಅಪ್ಪ ತೊಟ್ಟಿಯ ಮೇಲೆ ಅಂಗೈ ಇಟ್ಟ. ಮೇಲೆ ಇಟ್ಟ, ನಡುವೆ ಇಟ್ಟ, ಬುಡಕ್ಕೆ ಇಟ್ಟ. ಆಮೇಲೆ ಕೈ ತಿರುಗಿಸಿ ಹಿಂಗೈಯಿಂದ ಮುಟ್ಟಿದ. ಟ್ಯಾಂಕರಿನ ಒಳಗೆ ಬಿಸಿನೀರು ಹಾಯಿಸಿ ತೊಳೆಯುವಾಗ ನೀರು ಎಲ್ಲಿವರೆಗೆ ಏರಿತೆಂದು ಅವನು ನೋಡುತ್ತಿದ್ದದ್ದು ಹಾಗೆಯೇ, ಹಿಂಗೈಯಿಂದ.

"ತಣ್ಣಗಿದೆ," ಅಂದ. "ಇದರೊಳಗೆ ನೀರು ಓಡಾಡ್ತಿಲ್ಲ."

ಮಗಳು ಡ್ರಾಯರು ತೆರೆದು, ಕೆಟ್ಟುಹೋದ ಹಳೆಯ ಬಿಲ್ಲೆಯೊಂದನ್ನು ತೆಗೆದು ಚಾಕುವಿನಿಂದ ಗೀರಿ ಅಪ್ಪನ ಕೈಗಿಟ್ಟಳು. ಬಿಳಿಯ ಕೆಳಗೆ ಕೆಂಪು ಕಂಡಿತು. ಅಪ್ಪ ಅವಳ ಕುರ್ಚಿಯಲ್ಲಿ ಕೂತು ಅದನ್ನೇ ನೋಡಿದ.

"ಟ್ಯಾಂಕರಿಗೆ ಹಿತ್ತಾಳೆ ವಾಲ್ವು ಕೂರಿಸುವಾಗ ಮಧ್ಯೆ ರಬ್ಬರು ಕೊಡ್ತಿದ್ವಿ," ಅಂದ ಕೊನೆಗೆ. "ಕೊಡದೆ ಬಿಟ್ರೆ ಒಂದು ಮಳೆಗಾಲಕ್ಕೆ ಸುತ್ತ ಬೂದಿ. ನನಗೆ ಗೊತ್ತಿರೋ ವಿಷಯವೇ. ಬೆಳ್ಳಗಿರೋದೆಲ್ಲ ನಮ್ಮದೇ ಅಂದ್ಕೊಂಡೆ. ಒಂದು ಗೀರು ಹಾಕಿ ನೋಡ್ಬೇಕಿತ್ತು. ಹೊಸ ಹೆಲ್ಪರು ಹೀಗೆ ಮಾಡಿದ್ರೆ ಕಪಾಳಕ್ಕೆ ಕೊಡ್ತಿದ್ದೆ."

"ನಾನು ಮೊದಲೇ ಹೇಳ್ಬೇಕಿತ್ತು ಅಪ್ಪ."

"ಹೇಳ್ಬೇಕಿತ್ತು. ಹೇಳದೆ ಬೊಂಬೆ ಕೂರಿಸಿದೆ." ಬಿಲ್ಲೆಯನ್ನು ಮೇಜಿನ ಮೇಲಿಟ್ಟ. "ನಾನಿನ್ನೂ ಸತ್ತಿಲ್ಲ ಮಗಳೇ. ಸತ್ತವರಿಗೆ ಕೊಡೋ ಮರ್ಯಾದೆ ಈಗಲೇ ಕೊಡ್ಬೇಡ."

ತಮ್ಮ ಸಂಜೆ ಬಂದು, ಒಳಗೆ ಬಣ್ಣ ಬಳಿದರೆ ಹೇಗೆ ಅಂದ. "ಒಂದು ಗೀರು ಸಾಕು, ಅಲ್ಲಿಂದಲೇ ತಿನ್ನೋಕೆ ಶುರುಮಾಡತ್ತೆ," ಅಂದ ಅಪ್ಪ. "ಸುತ್ತಿಗೆ ತಗೊಂಡು ಬಾ."

"ಯಾಕೆ?"

"ತಪ್ಪು ಕೆಲಸ ಮನೇಲಿರಬಾರ್ದು. ನಾಳೆ ಯಾರೋ ಅದರಲ್ಲಿ ಇನ್ನೇನೋ ತುಂಬ್ತಾರೆ. ಹೊಡಿ."

ತಮ್ಮ ಅಕ್ಕನ ಮುಖ ನೋಡಿದ. ಅವಳು ತಲೆ ತಗ್ಗಿಸಿದಳು. ಹಿತ್ತಲ ಕಲ್ಲಿನ ಮೇಲಿಟ್ಟು ತಮ್ಮ ಹೊಡೆದ. ಮೊದಲ ಏಟು ಹೂವಿನಂತೆ ಬಿತ್ತು. "ಟಿಕೆಟು ಹರೀತಿದೀಯೇನೋ?" ಅಂದ ಅಪ್ಪ. ಆಮೇಲಿನ ಏಟುಗಳು ಸರಿಯಾಗಿ ಬಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ತೊಟ್ಟಿ ಹಿಂಡಿದ ಬಟ್ಟೆಯಂತಾಯಿತು. ಅಪ್ಪ ಅದನ್ನು ತನ್ನ ಬಳಿ ತರಿಸಿಕೊಂಡು, ಬೆರಳಿನಿಂದ ಬೆಸುಗೆಯ ಗೆರೆಯನ್ನು ಮೊದಲಿನಿಂದ ಕೊನೆಯವರೆಗೆ ತಡವಿದ.

"ಹೊಲಿಗೆ ಬಿಟ್ಟಿಲ್ಲ ನೋಡು," ಅಂದ. ಅಷ್ಟು ಹೇಳಿ ಗುಜರಿಗೆ ಕಳಿಸಿದ.

ಮಾರನೆಯ ವಾರ ಬೋಳನೇ ಮನೆಗೆ ಬಂದ. ಹಳೆಯ ಬಾಯ್ಲರು ಒಂದರಿಂದ ಬಿಚ್ಚಿದ ತಾಮ್ರದ ತಗಡು ಅವನ ಶೆಡ್ಡಿನ ಮೂಲೆಯಲ್ಲಿ ವರ್ಷಗಳಿಂದ ಬಿದ್ದಿತ್ತಂತೆ. "ತಗಡು ಬಗ್ಗಿಸಿ ಕೊಡ್ತೀನಿ ಮೇಸ್ತ್ರಿ. ಬೆಸುಗೆನೂ ನಾನೇ ಹಾಕ್ತೀನಿ, ನೀವು ಕೂತು ನೋಡಿ."

"ನೀನು ಬೇಡ," ಅಂದ ಅಪ್ಪ. "ನಿನ್ನ ಬೆಸುಗೆ ನಾನು ನೋಡಿದೀನಿ." ಮಗಳ ಕಡೆ ಗದ್ದ ತೋರಿಸಿದ. "ಅವಳು ಹಾಕ್ತಾಳೆ. ನಾಳೆ ಸೋರಿದ್ರೆ ಕೂತು ಬೆಸೆಯೋಕೆ ನೀನಿರಲ್ಲ, ನಾನೂ ಇರಲ್ಲ."

"ನನಗೆ ಬರಲ್ಲ ಅಪ್ಪ."

"ಬೋಳನಿಗೂ ಬರ್ತಿರ್ಲಿಲ್ಲ. ಈಗ್ಲೂ ಬರಲ್ಲ. ಅಂಗಡಿ ಇಟ್ಟಿಲ್ವಾ?"

ಬೋಳ ಹಲ್ಲು ಕಿರಿದ. ಗುರುವಿನ ಬಾಯಲ್ಲಿ ಬೈಸಿಕೊಂಡು ಅವನಿಗೆ ಬಹಳ ದಿನವಾಗಿತ್ತು.

ಶೆಡ್ಡಿನಲ್ಲಿ ಅಪ್ಪನನ್ನು ಹೊಗೆ ತಾಕದ ಹಾಗೆ ಬಾಗಿಲ ಹೊರಗೆ, ಗಾಳಿ ಬರುವ ಕಡೆ ಕೂರಿಸಿದರು. ಗ್ಯಾಸಿನ ಸದ್ದಿನಲ್ಲಿ ಅವನ ಮಾತು ಒಳಗಿದ್ದ ಮಗಳಿಗೆ ಮುಟ್ಟುತ್ತಿರಲಿಲ್ಲ. ಅದಕ್ಕೆ ಕೈಯಲ್ಲೊಂದು ಕಬ್ಬಿಣದ ಸಲಾಕೆ. ಒಂದು ಸಲ ನೆಲಕ್ಕೆ ಕುಟ್ಟಿದರೆ ಮುಂದೆ ಹೋಗು, ಎರಡು ಸಲ ಕುಟ್ಟಿದರೆ ನಿಲ್ಲಿಸು. ಮೊದಲ ದಿನವೆಲ್ಲ ಅವಳಿಗೆ ಕೇಳಿಸಿದ್ದು ಎರಡೇ. ಬೆಸೆಯುವ ಕಡ್ಡಿ ಮುದ್ದೆ ಮುದ್ದೆಯಾಗಿ ತೊಟ್ಟಿಕ್ಕಿ ತಗಡಿನ ಮೇಲೆ ಗಂಟು ಕಟ್ಟಿತು.

"ಇದು ಬೆಸುಗೆಯೋ ಹಕ್ಕಿ ಹಿಕ್ಕೆಯೋ?" ಅಂದ ಬೋಳ.

ಅಪ್ಪ ಕೈಸನ್ನೆ ಮಾಡಿ ಅವಳನ್ನು ಹತ್ತಿರ ಕರೆದ. ಗ್ಯಾಸು ನಿಲ್ಲಿಸಿ ಹೋಗಿ ಕಿವಿ ಕೊಟ್ಟಳು. "ಕಡ್ಡಿಗೆ ಬೆಂಕಿ ತೋರಿಸ್ಬೇಡ. ತಾಮ್ರಕ್ಕೆ ತೋರಿಸು. ತಾಮ್ರ ಕಾದ್ರೆ ಕಡ್ಡಿ ತಾನೇ ಹರಿದು ಸಂದಿಗೆ ಇಳಿಯತ್ತೆ. ಅವಸರ ಮಾಡಿದ್ರೆ ಮೇಲೇ ಕೂರತ್ತೆ, ಒಳಗೆ ಹಿಡಿಯಲ್ಲ."

ಮೂರು ದಿನಕ್ಕೆ ತೊಟ್ಟಿ ಒಂದು ರೂಪಕ್ಕೆ ಬಂತು. ಅಪ್ಪನ ಹಳೆಯ ಪರೀಕ್ಷೆ ಇತ್ತು: ಹೊಲಿಗೆಯ ಹೊರಗೆ ಸೀಮೆಸುಣ್ಣದ ಪುಡಿಯನ್ನು ನೀರಲ್ಲಿ ಕಲಸಿ ಬಳಿದು ಒಣಗಿಸುವುದು, ಒಳಗೆ ಸೀಮೆಎಣ್ಣೆ ಸವರುವುದು. ನೀರು ನುಸುಳದ ಸಂದಿಯಲ್ಲೂ ಸೀಮೆಎಣ್ಣೆ ನುಸುಳುತ್ತದೆ. ಹೊರಗಿನ ಬಿಳಿಯ ಮೇಲೆ ಕಪ್ಪು ಚುಕ್ಕೆ ಎದ್ದರೆ ಅಲ್ಲಿ ತೂತು. ಮೂವರೂ ತೊಟ್ಟಿಯ ಸುತ್ತ ಕೂತು ಕಾದರು. ಬುಡದ ಹತ್ತಿರ ಸಾಸಿವೆಯಷ್ಟು ಒಂದು ಚುಕ್ಕೆ ಎದ್ದಿತು. ಅಪ್ಪ ಸಲಾಕೆಯನ್ನು ಒಂದು ಸಲ ಕುಟ್ಟಿದ. ಅವಳು ಎಣ್ಣೆಯನ್ನೆಲ್ಲ ತೊಳೆದು ಒಣಗಿಸಿ, ಆ ಜಾಗವನ್ನು ಕೆರೆದು, ಮತ್ತೆ ಬೆಸೆದಳು. ಎರಡನೆಯ ಸಲ ಬಿಳಿ ಬಿಳಿಯಾಗಿಯೇ ಉಳಿಯಿತು. ಹೊಲಿಗೆ ಮಾತ್ರ ವಾಸಿಯಾದ ಗಾಯದ ಕಲೆಯಂತೆ ಉಬ್ಬುತಗ್ಗು.

"ಅಸಹ್ಯವಾಗಿದೆ," ಅಂದ ಅಪ್ಪ. "ಸೋರಲ್ಲ."

ಸೋಪಿನ ನೀರಲ್ಲಿ ಎಣ್ಣೆಯ ವಾಸನೆ ಹೋಗುವವರೆಗೆ ತೊಳೆದು, ಪಂಪಿಗಿಂತ ಎತ್ತರಕ್ಕೆ ಬರುವಂತೆ ಸ್ಟೂಲಿನ ಮೇಲಿಟ್ಟು, ಹಳೆಯ ನೀರನ್ನೆಲ್ಲ ಬಸಿದು, ಬಿರಡೆ ಕಿತ್ತು ಕೊಳವೆ ಜೋಡಿಸಿದಳು. ಹೊಸ ನೀರು ತುಂಬಿ ಪಂಪು ಬಿಟ್ಟಾಗ ಒಳಗೆಲ್ಲ ಗುಳುಗುಳು. ಪೆಟ್ಟಿಗೆಯನ್ನು ಅತ್ತ ಇತ್ತ ವಾಲಿಸಿ ಗಾಳಿ ಹೊರಡಿಸಿದಳು. ಸದ್ದು ನಿಂತಿತು ಅನ್ನಿಸಿತು.

"ಇನ್ನೂ ಗಾಳಿ ಇದೆ," ಎಂದು ಗೋಡೆಯಾಚೆಯಿಂದ ಪಿಸುಮಾತು ಬಂತು.

ಅವಳಿಗೆ ಕೇಳಿಸಿತು. ಮತ್ತೊಮ್ಮೆ ವಾಲಿಸಿದಳು. ರೇಡಿಯೇಟರಿನಿಂದ ಒಂದು ಗುಳ್ಳೆ ಹೊರಟು, ತೊಟ್ಟಿಯೊಳಗೆ ಬಂದು ಒಡೆಯಿತು.

ಗ್ರಂಥಾಲಯದ ಚಿತ್ರವನ್ನೇ ಮತ್ತೆ ಲೆಕ್ಕಕ್ಕೆ ಹಾಕಿದಳು. ಅಪ್ಪ ಗೋಡೆ ಹಿಡಿದು ಬಂದು ಸ್ಟೂಲಿನ ಪಕ್ಕ ಕೂತ. ಮೊದಲು ತಣ್ಣಗಿದ್ದ ತಾಮ್ರ ನಿಧಾನಕ್ಕೆ ಮೈಬಿಸಿಯಷ್ಟಾಯಿತು. ಹಿಂಗೈ ಇಟ್ಟು ನೋಡಿದ, ಅಂಗೈ ಇಟ್ಟು ನೋಡಿದ. ಎದ್ದು ಹೋಗಿ ಮಲಗಿದ. ಸ್ವಲ್ಪ ಹೊತ್ತಿಗೆ ಅವನ ಗೊರಕೆ ಅವಳಿಗೆ ಕೇಳಿಸಿತು, ಅದರ ಹಿಂದಿನ ಉಸಿರಿನ ಸಿಳ್ಳೆಯೂ. ಚಿತ್ರ ಮುಕ್ಕಾಲು ಮುಗಿಯುವವರೆಗೂ ಕೇಳಿಸುತ್ತಿತ್ತು. ಆಮೇಲೆ ಫ್ಯಾನು ಏರಿತು. ಅವಳು ಲೆಕ್ಕ ನಿಲ್ಲಿಸಿ, ನೀರು ಆರುವವರೆಗೆ ಕಾದು, ಉಳಿದದ್ದನ್ನು ಮುಗಿಸಿದಳು. ಅದೇ ಪದ್ಧತಿಯಾಯಿತು.

ಆ ಬೇಸಿಗೆಯೆಲ್ಲ ಹೀಗೇ ಕಳೆಯಿತು. ಕರೆಯುವುದಕ್ಕೆ ಕಾರಣ ಬೇಕು ಅಂತೇನೂ ಇರಲಿಲ್ಲ ಅಪ್ಪನಿಗೆ.

"ಕೇಳಿಸ್ತಾ?"

"ಕೇಳಿಸ್ತು. ಏನು?"

"ಏನಿಲ್ಲ. ಬುಡದ ಹೊಲಿಗೆ ನೆನಪಾಯ್ತು. ಥೂ."

ಮೊದಲ ಮಳೆ ಬಿದ್ದು ಗೋಡೆ ತಣ್ಣಗಾದ ಒಂದು ಮಧ್ಯಾಹ್ನ, ಯಾವುದೋ ಶಾಲೆಯ ಮೊಗಸಾಲೆಗೆ ಅವಳು ಬಿಸಿಲು ಬಿಡುತ್ತಿದ್ದಳು. ಲೆಕ್ಕ ಶುರುವಾಗಿ ಬಹಳ ಹೊತ್ತಾಗಿರಲಿಲ್ಲ. ಗೋಡೆಯಾಚೆಯ ಸಿಳ್ಳೆ ಒಮ್ಮೆ ತಪ್ಪಿತು. ಮತ್ತೆ ಬಂತು. ಮತ್ತೆ ತಪ್ಪಿತು. ಆಮೇಲೆ ಅವಳನ್ನು ಕರೆಯಿತು. ಹೆಸರಲ್ಲ, ಮಾತೂ ಅಲ್ಲ, ಆದರೆ ಕರೆದದ್ದೇ.

ಅವಳು ಹೋದಳು. ಅಪ್ಪನ ತಲೆಯನ್ನು ತೋಳಿನ ಮೇಲೆತ್ತಿಕೊಂಡು, ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಿ, ಬೆನ್ನಿಗೆ ಅಂಗೈ ಒತ್ತಿ ಕೂತಳು. ಅಪ್ಪ ಅವಳ ಮುಖ ನೋಡಿದ, ಗುರುತು ಹಿಡಿದ. ಬೆರಳು ಅವಳ ಮಣಿಕಟ್ಟಿನ ಮೇಲೆ ಒಂದು ಸಲ ಕುಟ್ಟಿತು. ಎರಡನೆಯ ಸಲ ಕುಟ್ಟುತ್ತದೇನೋ ಎಂದು ಅವಳು ಕಾದಳು. ಕುಟ್ಟಲಿಲ್ಲ.

ತಮ್ಮನಿಗೆ ಫೋನು ಮಾಡಿ ಹೇಳಿದಾಗ ಅವನು ಬಸ್ಸಿನಲ್ಲಿದ್ದ. ಹಿಂದೆ ಜನರ ಗದ್ದಲ.

"ಆಗ ನೀನು ಹತ್ರ ಇದ್ಯಾ ಅಕ್ಕ?" ಅಂತ ಕೂಗಿ ಕೇಳಿದ. ಇನ್ನೇನನ್ನೂ ಕೇಳಲಿಲ್ಲ.

"ಇದ್ದೆ. ಕರೆದ, ಹೋದೆ."

ಗೋಡೆಯ ಈಚೆ ಫ್ಯಾನು ಇನ್ನೂ ಶುರುವಾಗಿರಲಿಲ್ಲ.